ಹೊಟ್ಟೆ ತುಂಬಿದ್ದೂ ಹಸಿದು ಸಾಯುವ ಹಕ್ಕಿ: ರಣಹದ್ದು, ಗುಂಡು ಮತ್ತು ಸೀಸ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ರೆ ಒಂದು ಏಳೆಂಟು ನಿಮಿಷ ನನಗೆ ಕೊಡಿ. ಇವತ್ತಿನ ವಿಷಯ ಹೆವಿ ಮೆಟಲ್. ಗಿಟಾರ್ ಹೊಡೆಯೋ ಹೆವಿ ಮೆಟಲ್ ಅಲ್ಲ, ರಕ್ತಕ್ಕೆ ಸೇರೋ ಭಾರ ಲೋಹ. ಅದರಲ್ಲೂ ಸೀಸ. ಇದನ್ನ ಒಂದು ಹಕ್ಕಿಯಿಂದ ಶುರು ಮಾಡ್ತೀನಿ. ಆ ಹಕ್ಕಿಗೆ ಹೆಸರಿರಲಿಲ್ಲ, ನಂಬರ್ ಇತ್ತು. ಎಸಿ-8.

ಅದು ಕ್ಯಾಲಿಫೋರ್ನಿಯಾ ಕಾಂಡೋರ್. ಅಮೆರಿಕದ ರಣಹದ್ದು ಅಂದ್ಕೊಳ್ಳಿ. ರೆಕ್ಕೆ ಬಿಚ್ಚಿದ್ರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಒಂಬತ್ತೂವರೆ ಅಡಿ. ಇದು ಬೇಟೆ ಆಡಲ್ಲ, ಸತ್ತ ಪ್ರಾಣಿಯನ್ನ ತಿಂದು ಬದುಕುತ್ತೆ. 1982ರಲ್ಲಿ ಇಡೀ ಪ್ರಪಂಚದಲ್ಲಿ ಉಳಿದಿದ್ದು ಬರೀ 22 ಕಾಂಡೋರ್‌ಗಳು. ಕಾಡಿನಲ್ಲಿ ಬಿಟ್ರೆ ಉಳಿಯಲ್ಲ ಅಂತ ಗೊತ್ತಾದಾಗ ಒಂದು ಕಷ್ಟದ ತೀರ್ಮಾನ ತಗೊಂಡ್ರು: ಎಲ್ಲವನ್ನೂ ಹಿಡಿಯೋದು. 1987ರ ಏಪ್ರಿಲ್‌ನಲ್ಲಿ ಕಾಡಿನ ಕೊನೆಯ ಕಾಂಡೋರ್ ಸಿಕ್ಕಿತು. ಆಗ ಒಟ್ಟು ಲೆಕ್ಕ 27. ಅಷ್ಟೂ ಪಂಜರದಲ್ಲಿ. ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋದಲ್ಲಿ ಮರಿ ಮಾಡಿಸಿ, 1992ರಿಂದ ಮತ್ತೆ ಕಾಡಿಗೆ ಬಿಡೋಕೆ ಶುರು ಮಾಡಿದ್ರು.

ಎಸಿ-8 ಒಂದು ಹೆಣ್ಣು ಹಕ್ಕಿ. 1986ರಲ್ಲಿ ಹಿಡಿದ್ರು. ಪಂಜರದಲ್ಲೇ ಮರಿಗಳ ತಾಯಿಯಾಯ್ತು. ಹದಿನಾಲ್ಕು ವರ್ಷ ಆದ್ಮೇಲೆ, 2000ದಲ್ಲಿ, ಬಿಡುಗಡೆ. 2002ರ ಕೊನೆಗೆ ಕಾಯಿಲೆ ಬಿತ್ತು. ಪರೀಕ್ಷೆ ಮಾಡಿದ್ರೆ ರಕ್ತದಲ್ಲಿ ಸೀಸ. ಚಿಕಿತ್ಸೆ ಕೊಟ್ಟು ಉಳಿಸಿ ಡಿಸೆಂಬರ್‌ನಲ್ಲಿ ಮತ್ತೆ ಹಾರಿಸಿದ್ರು. 2003ರ ಫೆಬ್ರವರಿಯಲ್ಲಿ ಹಂದಿ ಬೇಟೆಗೆ ಬಂದಿದ್ದ ಒಬ್ಬನ ಗುಂಡಿಗೆ ಅದು ಬಲಿಯಾಯ್ತು.

ಆ ಗುಂಡು ಸುದ್ದಿಯಾಯ್ತು. ಕೇಸಾಯ್ತು, ದಂಡ ಬಿತ್ತು. ಆದ್ರೆ ನನ್ನನ್ನ ಕಾಡೋದು ಅದಕ್ಕಿಂತ ಮೊದಲಿನ ಕಾಯಿಲೆ. ಯಾಕಂದ್ರೆ ಕಾಂಡೋರ್‌ಗಳನ್ನ ಅತಿ ಹೆಚ್ಚು ಕೊಲ್ತಿರೋದು ಅವುಗಳಿಗೆ ಗುರಿ ಇಟ್ಟ ಗುಂಡಲ್ಲ. ಬೇರೆ ಪ್ರಾಣಿಗೆ ಹೊಡೆದ ಗುಂಡಿನ ಚೂರು.

ಅದು ಹೇಗೆ? ಸೀಸ ಮೆತ್ತಗಿನ ಲೋಹ. ರೈಫಲ್ ಗುಂಡು ಜಿಂಕೆಗೆ ಬಡಿದಾಗ ಒಡೆದು ನೂರಾರು ಚೂರಾಗುತ್ತೆ. ಎಕ್ಸ್-ರೇ ತೆಗೆದ್ರೆ ಗಾಯದಿಂದ ಎಷ್ಟೋ ದೂರದ ಮಾಂಸದಲ್ಲೂ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿ ಕಾಣುತ್ತೆ. ಬೇಟೆಗಾರ ಜಿಂಕೆಯ ಕರುಳು, ಹೊಟ್ಟೆ ತೆಗೆದು ಅಲ್ಲೇ ಬಿಟ್ಟು, ಮಾಂಸ ಹೊತ್ಕೊಂಡು ಹೋಗ್ತಾನೆ. ಆ ರಾಶಿ ಕಾಂಡೋರ್‌ಗೆ, ಹದ್ದಿಗೆ ಹಬ್ಬದೂಟ.

ಈ ಹಕ್ಕಿಗಳ ಜಠರದ ಆಮ್ಲ ತುಂಬಾ ಜೋರು, ಸೀಸ ಅದರಲ್ಲಿ ಕರಗಿ ರಕ್ತಕ್ಕೆ ಹೋಗುತ್ತೆ. ದೇಹ ಅದನ್ನ ಕ್ಯಾಲ್ಸಿಯಂ ಅಂತ ತಪ್ಪು ತಿಳ್ಕೊಂಡು ನರಕ್ಕೂ ಮೂಳೆಗೂ ಸೇರಿಸ್ಕೊಳ್ಳುತ್ತೆ. ನರ ಕೆಟ್ಟ ಮೇಲೆ ಅನ್ನನಾಳ ಕೆಲಸ ನಿಲ್ಲಿಸುತ್ತೆ. ತಿಂದ ಮಾಂಸ ಕತ್ತಿನ ಬುಡದ ಚೀಲದಲ್ಲೇ ಕೂತು ಕೊಳೆಯುತ್ತೆ, ಕೆಳಗೆ ಇಳಿಯಲ್ಲ. ಊಟ ಒಳಗಿದೆ, ಹಕ್ಕಿ ಹಸಿವಿಂದ ಸಾಯುತ್ತೆ.

ಇದು ಗುಂಡಿನದ್ದೇ ಸೀಸ ಅಂತ ಹೇಗೆ ಗೊತ್ತು ಅಂತ ಕೇಳಬಹುದು. ಸೀಸಕ್ಕೆ ಐಸೋಟೋಪ್‌ಗಳಿವೆ, ಅವುಗಳ ಪ್ರಮಾಣ ಒಂದು ಥರ ಬೆರಳಚ್ಚು ಇದ್ದ ಹಾಗೆ. 2012ರಲ್ಲಿ ಬಂದ ಅಧ್ಯಯನವೊಂದು ಕಾಂಡೋರ್ ರಕ್ತದ ಸೀಸವನ್ನ ಗುಂಡಿನ ಸೀಸದ ಜೊತೆ ಹೋಲಿಸಿತು. ಬಹುಪಾಲು ಹಕ್ಕಿಗಳಲ್ಲಿ ಎರಡೂ ತಾಳೆಯಾದವು. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ವರ್ಷ ಸುಮಾರು ಶೇ. 20ರಷ್ಟು ಹಕ್ಕಿಗಳ ರಕ್ತದಿಂದ ಔಷಧಿ ಕೊಟ್ಟು ಸೀಸ ತೆಗೆಸಬೇಕಾಗ್ತಿದೆ ಅನ್ನೋದೂ ಅದರಲ್ಲೇ ಇತ್ತು. ಅಂದ್ರೆ ಹಿಡಿಯೋದು, ರಕ್ತ ಪರೀಕ್ಷೆ, ದಿನಾ ಇಂಜೆಕ್ಷನ್, ಬಿಡೋದು. ಮುಂದಿನ ವರ್ಷ ಮತ್ತೆ ಅದೇ.

ಕಾಂಡೋರ್ ಅಪರೂಪದ ಹಕ್ಕಿ, ಅದರ ಪಾಡು ಬೇರೆ ಅಂದ್ಕೋಬೇಡಿ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅಮೆರಿಕದ 38 ರಾಜ್ಯಗಳ 1,210 ಹದ್ದುಗಳನ್ನ ನೋಡಿತ್ತು. ಬೋಳು ಹದ್ದು ಮತ್ತು ಹೊನ್ನ ಹದ್ದು, ಎರಡು ಜಾತಿ. ಮೂಳೆ ಪರೀಕ್ಷೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹಕ್ಕಿಗಳಿಗೆ ವರ್ಷಗಟ್ಟಲೆ ಸೀಸ ಏರಿದ ಗುರುತು. ಬೋಳು ಹದ್ದು ಅಂದ್ರೆ ಅಮೆರಿಕದ ಲಾಂಛನ, ನೆನಪಿರಲಿ. ಅದೇ ವರ್ಷ ಕೇಂಬ್ರಿಡ್ಜ್ ವಿಜ್ಞಾನಿಗಳು ಯುರೋಪಿನ ಲೆಕ್ಕ ಕೊಟ್ರು: ಗುಂಡಿನ ಸೀಸ ಇಲ್ಲದೇ ಇದ್ದಿದ್ರೆ ಹತ್ತು ಜಾತಿಯ ಬೇಟೆಹಕ್ಕಿಗಳು ಒಟ್ಟು ಸುಮಾರು 55,000 ಹೆಚ್ಚು ಇರ್ತಿದ್ವು.

ಈಗ ಪರಿಹಾರ. ತಾಮ್ರದ ಗುಂಡು ಇದೆ. ಅದು ಸೀಸದ ಹಾಗೆ ಪುಡಿ ಆಗಲ್ಲ. ಕ್ಯಾಲಿಫೋರ್ನಿಯಾ 2008ರಿಂದ ಕಾಂಡೋರ್ ಇರೋ ಕಡೆ, 2019ರ ಜುಲೈಯಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ನಿಷೇಧಿಸಿದೆ. ಅರಿಜೋನಾ ಬೇರೆ ದಾರಿ ಹಿಡಿದು, ಕಾಂಡೋರ್ ಇರೋ ಪ್ರದೇಶದ ಬೇಟೆಗಾರರಿಗೆ 2005ರಿಂದ ಸೀಸವಿಲ್ಲದ ಗುಂಡನ್ನ ಪುಕ್ಕಟೆ ಕೊಡ್ತು. ಕಾನೂನಿನ ಬಲವಂತ ಇಲ್ಲದೇನೂ ಬಹಳ ಜನ ಒಪ್ಕೊಂಡ್ರು.

ಹಾಗಂತ ಸಾವು ನಿಂತಿಲ್ಲ. ಕಾಂಡೋರ್ ಒಂದೇ ದಿನದಲ್ಲಿ ನೂರಾರು ಕಿಲೋಮೀಟರ್ ಹಾರುತ್ತೆ, ಗುಂಪಾಗಿ ತಿನ್ನುತ್ತೆ. ಒಬ್ಬ ಹಳೇ ಗುಂಡಲ್ಲಿ ಹೊಡೆದು ಬಿಟ್ಟ ಒಂದು ಹಂದಿ ಸಾಕು, ಹಲವು ಹಕ್ಕಿಗೆ ವಿಷ. ಇನ್ನೊಂದು ಕಡೆ, ಕಾಂಡೋರ್ ಜೋಡಿ ಇಡೋದು ಸಾಮಾನ್ಯವಾಗಿ ಎರಡು ವರ್ಷಕ್ಕೆ ಒಂದು ಮೊಟ್ಟೆ. ಹೋದ ಹಕ್ಕಿಯ ಜಾಗ ಬೇಗ ತುಂಬಲ್ಲ.

ಇಲ್ಲಿ ಬೇಟೆಗಾರರನ್ನ ವಿಲನ್ ಮಾಡೋದು ಸುಲಭ. ನಾನು ಮಾಡಲ್ಲ. ಅವರು ಬಿಟ್ಟು ಹೋಗೋ ಕರುಳಿನ ರಾಶಿ ಕಾಂಡೋರ್‌ಗೆ ನಿಜವಾಗಿಯೂ ಒಳ್ಳೇ ಊಟ, ಒಳಗೆ ಸೀಸ ಇಲ್ಲದಿದ್ರೆ. ಅದೇ ಚೂರು ಅವರ ಮನೆ ಮಕ್ಕಳ ತಟ್ಟೆಗೂ ಹೋಗುತ್ತೆ ಅನ್ನೋದು ಗೊತ್ತಾದ ಮೇಲೆ ಎಷ್ಟೋ ಜನ ತಾವಾಗೇ ಗುಂಡು ಬದಲಾಯಿಸಿದ್ದಾರೆ.

ನಾನು ಓದಿದ್ದು ಬಿ.ಕಾಂ, ಹಕ್ಕಿ ಶಾಸ್ತ್ರ ಅಲ್ಲ. ಹಾಗಾಗಿ ನನಗೆ ಮೊದಲು ಕಂಡಿದ್ದು ಲೆಕ್ಕ. 'ತಾಮ್ರದ ಗುಂಡು ದುಬಾರಿ' ಅನ್ನೋ ಮಾತು ಯಾವಾಗ್ಲೂ ಬರುತ್ತೆ. ಸೀಸದ ಗುಂಡು ಅಗ್ಗ ಯಾಕೆ? ಹಕ್ಕಿಯ ಚಿಕಿತ್ಸೆ, ಅದನ್ನ ಹಿಡಿಯೋರ ಸಂಬಳ, ಸತ್ತ ಹಕ್ಕಿಯ ಬೆಲೆ ಯಾವುದೂ ಅಂಗಡಿಯ ಬಿಲ್ಲಲ್ಲಿ ಇಲ್ಲ. ಖರ್ಚು ಇದ್ದೇ ಇದೆ, ಬೇರೆಯವರ ಖಾತೆಗೆ ಬರೆದಿದ್ದೀವಿ ಅಷ್ಟೆ.

ಇದು ನಮಗೆ ಹೊಸದಲ್ಲ. ದನಗಳಿಗೆ ಕೊಡೋ ಡೈಕ್ಲೋಫೆನಾಕ್ ಅನ್ನೋ ಅಗ್ಗದ ನೋವಿನ ಔಷಧಿ ನಮ್ಮ ರಣಹದ್ದುಗಳನ್ನ ಹೀಗೇ ಮುಗಿಸಿತು. ಅದು ಲೋಹ ಅಲ್ಲ, ಆದ್ರೆ ದಾರಿ ಒಂದೇ: ಸತ್ತ ಪ್ರಾಣಿಯೊಳಗೆ ನಾವು ಬಿಟ್ಟಿದ್ದನ್ನ ಹಕ್ಕಿ ತಿಂತು. 1990ರ ದಶಕದಿಂದ ಒಂದು ಜಾತಿಯಂತೂ ಶೇ. 99ಕ್ಕಿಂತ ಹೆಚ್ಚು ಕಡಿಮೆಯಾಯ್ತು. ದನಗಳಿಗೆ ಅದನ್ನ ಕೊಡೋದನ್ನ ಭಾರತ 2006ರಲ್ಲಿ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ, 'ಶೋಲೆ' ಶೂಟಿಂಗ್ ಆದ ಆ ಬಂಡೆಗಳ ಕಡೆ, ಈಗ ರಣಹದ್ದು ಕಂಡ್ರೆ ಜನ ಕ್ಯಾಮೆರಾ ಎತ್ತುತ್ತಾರೆ. ನಮ್ಮಜ್ಜಿಯ ಕಾಲದಲ್ಲಿ ಊರಾಚೆ ದನ ಸತ್ರೆ ಕಾಣ್ತಿದ್ದ ಹಕ್ಕಿ ಅದು.

ಇವತ್ತು ಕಾಂಡೋರ್‌ಗಳು ಒಟ್ಟು 500ಕ್ಕೂ ಹೆಚ್ಚಿವೆ, ಅರ್ಧಕ್ಕಿಂತ ಹೆಚ್ಚು ಕಾಡಿನಲ್ಲಿ. 22ರಿಂದ ಇಲ್ಲಿಗೆ ಬಂದಿದ್ದು ಸಣ್ಣ ಮಾತಲ್ಲ. ಆದ್ರೆ ಹಿಡಿದು, ಪರೀಕ್ಷೆ ಮಾಡಿ, ಸೀಸ ತೆಗೆದು ಬಿಡೋ ಜನ ಒಂದು ದಿನ ಕೈ ಬಿಟ್ರೆ ಆ ಸಂಖ್ಯೆ ಮತ್ತೆ ಕೆಳಗಿಳಿಯುತ್ತೆ. ಆಸ್ಪತ್ರೆಯ ಆಸರೆ ಇಲ್ಲದೆ ಹಾರೋದು ಅವಕ್ಕೆ ಇನ್ನೂ ಸಾಧ್ಯವಾಗಿಲ್ಲ. ಅದನ್ನ ಸಾಧ್ಯ ಮಾಡೋಕೆ ಬೇಕಿರೋದು ದೊಡ್ಡ ಕಂಡುಹಿಡಿತವಲ್ಲ, ಅಂಗಡಿಯಲ್ಲಿ ಬೇರೆ ಡಬ್ಬ ಕೇಳೋದು.

ಇವತ್ತಿಗೆ ಇಷ್ಟೇ. ನಿಮ್ಮೂರಲ್ಲಿ ರಣಹದ್ದು ನೋಡಿದ ನೆನಪಿರೋ ಹಿರಿಯರಿದ್ರೆ ಅವರ ಮಾತು ರೆಕಾರ್ಡ್ ಮಾಡಿಟ್ಕೊಳ್ಳಿ. ಮುಂದಿನ ವಾರ ಸಿಗೋಣ.