ಬಂದವರಿಂದ ಕೇಳಬಹುದಾದುದು ಏನು?
(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹೊಟ್ಟೆಯ ಪಾಡಿಗಾಗಿಯೋ ಜೀವಭಯದಿಂದಲೋ ಹುಟ್ಟಿದ ನೆಲವನ್ನು ತೊರೆದು ಬಂದವನಿಗೆ, ಬಂದ ನಾಡು ಹೇಳತಕ್ಕ ಮಾತು ಯಾವುದು? 'ನೀನು ನಿನ್ನಂತೆಯೇ ಇರು' ಎನ್ನುವವರುಂಟು. 'ನೀನು ನಮ್ಮಂತೆಯೇ ಆಗು' ಎನ್ನುವವರೂ ಉಂಟು. ಈ ಎರಡು ಮಾತುಗಳನ್ನೂ ತನ್ನ ಮೈಮೇಲೆಯೇ ಪರೀಕ್ಷಿಸಿಕೊಂಡ ದೇಶ ಕೆನಡಾ. ಆದುದರಿಂದ ಈ ಹೊತ್ತಿನ ವಿಚಾರಕ್ಕೆ ನಾವು ಆ ದೇಶವನ್ನೂ, ವಿಶೇಷವಾಗಿ ಅದರೊಳಗಿನ ಫ್ರೆಂಚ್ ನುಡಿಯ ಪ್ರಾಂತವಾದ ಕ್ವಿಬೆಕ್ಕನ್ನೂ ಆರಿಸಿಕೊಂಡಿದ್ದೇವೆ.

ಕೆನಡಾ ಮೊದಲಿನಿಂದಲೂ ಉದಾರವಾಗಿತ್ತೆಂದು ಯಾರೂ ಭ್ರಮಿಸಬೇಕಾಗಿಲ್ಲ. 1914ರಲ್ಲಿ 'ಕೊಮಾಗಾಟಾ ಮಾರು' ಹಡಗಿನಲ್ಲಿ ವ್ಯಾಂಕೂವರ್ ಬಂದರಿಗೆ ಬಂದ 376 ಮಂದಿ ಭಾರತೀಯರಲ್ಲಿ ಕೆಲವರನ್ನುಳಿದು ಮಿಕ್ಕವರಾರಿಗೂ ದಡದ ಮೇಲೆ ಕಾಲಿಡಗೊಡದೆ, ಎರಡು ತಿಂಗಳು ನೀರಿನಲ್ಲಿಯೇ ನಿಲ್ಲಿಸಿ, ಹಿಂದಕ್ಕಟ್ಟಿದ ದೇಶವದು. ಅದೇ ದೇಶವು 1971ರ ಅಕ್ಟೋಬರ ತಿಂಗಳಲ್ಲಿ, ಆಡಳಿತಕ್ಕೆ ಎರಡು ಭಾಷೆಗಳಿದ್ದರೂ ರಾಷ್ಟ್ರಕ್ಕೆ ಅಧಿಕೃತ ಸಂಸ್ಕೃತಿಯೆಂಬುದೊಂದಿಲ್ಲವೆಂದು ಪ್ರಧಾನಿ ಪಿಯೆರ್ ಟ್ರುಡೊ ಅವರ ಬಾಯಿಂದ ಸಾರಿತು. 1988ರಲ್ಲಿ ಅದನ್ನು ಶಾಸನವನ್ನಾಗಿಯೂ ಮಾಡಿತು. 1990ರಲ್ಲಿ ಅಲ್ಲಿಯ ರಾಷ್ಟ್ರೀಯ ಪೋಲೀಸು ಪಡೆಯಲ್ಲಿ ಸಿಖ್ಖನು ತನ್ನ ಪೇಟವನ್ನು ಸುತ್ತಿಕೊಂಡೇ ಸೇವೆ ಮಾಡಲು ಅಪ್ಪಣೆಯಾಯಿತು.

ಕ್ವಿಬೆಕ್ಕಿನವರಿಗೆ ಮಾತ್ರ ಈ ಘೋಷಣೆ ರುಚಿಸಲಿಲ್ಲ. ಸುತ್ತಲೂ ಆಂಗ್ಲ ಭಾಷೆಯ ಕಡಲು, ನಡುವೆ ಅವರದೊಂದು ನಡುಗಡ್ಡೆ. ದೇಶವನ್ನು ಕಟ್ಟಿದ ಇಬ್ಬರಲ್ಲಿ ತಾವೊಬ್ಬರೆಂದು ತಿಳಿದಿದ್ದವರು, ಇನ್ನು ಮೇಲೆ ಹತ್ತರಲ್ಲಿ ಹನ್ನೊಂದನೆಯವರಾಗಬೇಕೇ ಎಂದು ಕೇಳಿದರು. ಅವರ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ಮಾಂಟ್ರಿಯಲ್ ಪಟ್ಟಣದಲ್ಲಿ ದೊಡ್ಡ ಉದ್ಯೋಗಗಳೆಲ್ಲ ಆಂಗ್ಲರ ಕೈಯಲ್ಲಿದ್ದುದರಿಂದ, ಹೊಸದಾಗಿ ಬಂದವರು ತಮ್ಮ ಮಕ್ಕಳನ್ನು ಆಂಗ್ಲ ಶಾಲೆಗೇ ಕಳುಹುತ್ತಿದ್ದರು. ಅಲ್ಲಿಯ ಸೇಂಟ್ ಲಿಯೊನಾರ್ಡ್ ಎಂಬ ಭಾಗದಲ್ಲಿ ಇಟಲಿಯವರ ಮಕ್ಕಳಿಗೆ ಫ್ರೆಂಚಿನಲ್ಲಿಯೇ ಪಾಠವಾಗತಕ್ಕದ್ದೆಂದು 1968ರಲ್ಲಿ ಶಾಲಾಮಂಡಳಿ ಗೊತ್ತುಮಾಡಲು, ಮರುವರುಷ ಬೀದಿಯಲ್ಲಿ ಕೈ ಕೈ ಮಿಲಾಯಿಸುವವರೆಗೆ ಹೋಯಿತು. ಕಟ್ಟಕಡೆಗೆ 1977ರಲ್ಲಿ, ರೆನೆ ಲೆವೆಕ್ ಅವರ ಸರಕಾರವು, ವಲಸೆ ಬಂದವರ ಮಕ್ಕಳು ಸರಕಾರಿ ವೆಚ್ಚದಲ್ಲಿ ಕಲಿಯುವುದಾದರೆ ಫ್ರೆಂಚ್ ಶಾಲೆಯಲ್ಲಿಯೇ ಕಲಿಯಬೇಕೆಂದು ಶಾಸನ ಮಾಡಿತು. ಮೊದಲಿನಿಂದ ನೆಲೆಸಿದ್ದ ಆಂಗ್ಲರ ಮಕ್ಕಳಿಗೆ ಅವರ ಶಾಲೆಗಳು ಉಳಿದವು. ಎಂದರೆ ಭಾರವೆಲ್ಲ ಬಿದ್ದುದು ಹೊಸಬನ ಹೆಗಲ ಮೇಲೆಯೇ. ತಾಯಿತಂದೆಗಳ ಇಚ್ಛೆಯನ್ನು ಶಾಸನವು ಮೀರಿತೆಂಬುದೂ ನಿಜವೇ.

ಆದರೂ ಈ ಶಾಸನವನ್ನು ನಾವು ಅನ್ಯಾಯವೆನ್ನಲಾರೆವು. ಒಂದು ಭಾಷೆಯನ್ನು ಕಲಿತವನು ತನ್ನ ಗಂಟಿನಿಂದ ಏನನ್ನೂ ಕಳೆದುಕೊಳ್ಳುವುದಿಲ್ಲ. ಇಟಲಿಯವನ ಮಗನು ಮನೆಯಲ್ಲಿ ತಾಯ್ನುಡಿಯನ್ನೂ, ಶಾಲೆಯಲ್ಲಿ ಫ್ರೆಂಚನ್ನೂ, ಬೀದಿಯಲ್ಲಿ ಆಂಗ್ಲವನ್ನೂ ಆಡಿದನು. ಮಾಂಟ್ರಿಯಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗನ ಮಕ್ಕಳ ಪಾಲಿಗೂ ಇದೇ ನಿಯಮ. ಅವರ ಕನ್ನಡ ಉಳಿಯುವುದೂ ಅಳಿಯುವುದೂ ಅವನ ಅಡುಗೆಮನೆಯ ಮಾತಿಗೆ ಸೇರಿದ್ದು, ಫ್ರೆಂಚ್ ಶಾಲೆಗಲ್ಲ. ಇಂದು ಕ್ವಿಬೆಕ್ಕಿನಲ್ಲಿ ಬೇರೆ ಮನೆಮಾತಿನ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಫ್ರೆಂಚಿನಲ್ಲಿ ಓದುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. 2007ರಲ್ಲಿ ಎರೂವಿಲ್ ಎಂಬ ಸುಮಾರು 1300 ಜನರ ಊರು ಹೊಸಬರಿಗಾಗಿ ನಡತೆಯ ನಿಯಮಾವಳಿಯನ್ನು ಪ್ರಕಟಿಸಿತು. ಹೆಂಗಸರನ್ನು ಕಲ್ಲು ಹೊಡೆದು ಕೊಲ್ಲಕೂಡದೆಂಬುದು ಅದರಲ್ಲೊಂದು. ವಿನೋದವೆಂದರೆ ಆ ಊರಿನಲ್ಲಿ ಹೊಸಬರು ಇಲ್ಲವೇ ಇಲ್ಲವೆನ್ನಬೇಕು! ಗದ್ದಲವೆದ್ದುದರಿಂದ ಸರಕಾರವು ಜೆರಾರ್ ಬುಷಾರ್, ಚಾರ್ಲ್ಸ್ ಟೇಲರ್ ಎಂಬ ಇಬ್ಬರು ವಿದ್ವಾಂಸರ ಆಯೋಗವನ್ನು ನೇಮಿಸಿತು. ನ್ಯಾಯಾಧೀಶರು, ಪೋಲೀಸರು ಮೊದಲಾದ ದಂಡನಾಧಿಕಾರವುಳ್ಳವರು ಮಾತ್ರ ಧಾರ್ಮಿಕ ಚಿಹ್ನೆಯನ್ನು ಧರಿಸಬಾರದು, ಉಪಾಧ್ಯಾಯರಿಗೆ ಆ ನಿರ್ಬಂಧ ಬೇಡ ಎಂದು ಅವರು 2008ರಲ್ಲಿ ಹೇಳಿದರು. ಟೇಲರರು 2017ರಲ್ಲಿ ಆ ಮೊದಲಿನ ನಿರ್ಬಂಧದಿಂದಲೂ ಹಿಂದೆ ಸರಿದರು. ಆದರೆ 2019ರ ಶಾಸನವು ಸರಕಾರಿ ಶಾಲೆಗಳ ಉಪಾಧ್ಯಾಯರನ್ನೂ ಆ ಕಟ್ಟಿನೊಳಗೆ ತಂದಿತು. ಆಗಲೇ ಕೆಲಸದಲ್ಲಿದ್ದವರಿಗೆ, ಅದೇ ಹುದ್ದೆಯಲ್ಲಿರುವವರೆಗೆ, ವಿನಾಯಿತಿ.

ಇದನ್ನು ಮೆಚ್ಚುವವರಿಗೂ ಒಂದು ಇತಿಹಾಸವುಂಟು. 1960ರ ತನಕ ಕ್ವಿಬೆಕ್ಕಿನ ಶಾಲೆ, ಆಸ್ಪತ್ರೆಗಳು ಬಹುಮಟ್ಟಿಗೆ ಪಾದ್ರಿಗಳ ಹಾಗೂ ಕ್ರೈಸ್ತ ಸನ್ಯಾಸಿನಿಯರ ಕೈಯಲ್ಲಿದ್ದವು. ಆ ಹಿಡಿತದಿಂದ ಬಿಡಿಸಿಕೊಂಡ ಜನಕ್ಕೆ ಮತಚಿಹ್ನೆ ಕಂಡರೆ ಅಳುಕು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಶಾಲೆಯನ್ನೇ ಆಳುತ್ತಿದ್ದ ಮಠಕ್ಕೂ, ಶಾಲೆಯಲ್ಲಿ ಸಂಬಳಕ್ಕೆ ದುಡಿಯುವ ಹೆಣ್ಣುಮಗಳ ತಲೆವಸ್ತ್ರಕ್ಕೂ ಸಾಮ್ಯವೆಲ್ಲಿ? 1977ರ ಶಾಸನಕ್ಕೆ ತಲೆಬಾಗಿ ಫ್ರೆಂಚನ್ನು ಕಲಿತ ಬಾಲೆಯೇ ಬೆಳೆದು, ಅದೇ ಫ್ರೆಂಚನ್ನು ಕಲಿಸಲು ಬಂದರೆ, 2019ರ ಶಾಸನವು ಅವಳನ್ನು ಹೊಸ್ತಿಲಲ್ಲಿ ತಡೆಯುತ್ತದೆ. ನಾಡು ಕೇಳಿದುದನ್ನು ಅವಳು ಕೊಟ್ಟಳಷ್ಟೆ! ಕಲಿಯೆಂಬುದು ಒಂದು ಮಾತು, ಕಳಚೆಂಬುದು ಮತ್ತೊಂದು.

2021ರ ದಶಂಬರದಲ್ಲಿ ಚೆಲ್ಸೀ ಎಂಬ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತಿದ್ದ ಶಿಕ್ಷಕಿಯನ್ನು, ಆಕೆಯ ತಲೆವಸ್ತ್ರದ ಕಾರಣದಿಂದ, ತರಗತಿಯಿಂದ ತೆಗೆದರು. ಬದಲಿಗೆ ಅವರಿಗೆ ಕೊಟ್ಟ ಕೆಲಸ, ಭಿನ್ನತೆಯುಳ್ಳವರೆಲ್ಲರನ್ನೂ ಒಳಗೊಳ್ಳುವುದರ ಬಗ್ಗೆ ಮಕ್ಕಳಿಗಾಗಿ ಏರ್ಪಡಿಸಿದ ವಾಚನ ಯೋಜನೆ. ಶಾಲೆಯ ಬೇಲಿಗೆ ಊರವರು ಹಸುರು ಪಟ್ಟಿಗಳನ್ನು ಕಟ್ಟಿದರು.