ಆಸ್ತಿಯ ಯೋಗಕ್ಷೇಮ

ನಮ್ಮ ಹಿರಿಯರು ಕಾಗದ ಬರೆಯುವಾಗ ತಮ್ಮ ಕ್ಷೇಮವನ್ನು ತಿಳಿಸಿ, ಎದುರಿನವರ ಯೋಗಕ್ಷೇಮವನ್ನು ಕೇಳಿ, ಅನಂತರವೇ ವಿಷಯಕ್ಕೆ ಬರುತ್ತಿದ್ದರು. ಯೋಗಕ್ಷೇಮವೆಂಬುದನ್ನು ನಾವು ಒಂದೇ ಶಬ್ದವೆಂಬಂತೆ ಆಡುತ್ತೇವೆ. ಬಿಡಿಸಿ ನೋಡಿದರೆ ಅಲ್ಲಿ ಎರಡು ಅರ್ಥಗಳಿವೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ಮನುಷ್ಯನಿಗೆ ಬೇಕಾದಂತೆ ಅವನ ಮನೆ, ಹೊಲ, ಅಂಗಡಿಗಳಿಗೂ ಈ ಎರಡೂ ಬೇಕು. ಒಂದು ನಡೆದು ಇನ್ನೊಂದು ನಿಂತರೆ ಆಸ್ತಿಗೆ ಮಾತ್ರವಲ್ಲ, ಅದನ್ನು ನಂಬಿದ ಮನೆತನಕ್ಕೂ ಕೇಡು ತಪ್ಪದು.

ಇಂದಿನ ದೊಡ್ಡ ನಗರಗಳಲ್ಲಿ ಈ ಎರಡು ಕೆಲಸಗಳಿಗೆ ಇಬ್ಬರು ಬೇರೆ ಬೇರೆ ಅಧಿಕಾರಿಗಳಿರುತ್ತಾರೆ. ಬಾಡಿಗೆ ವಸೂಲು ಮಾಡುವುದು, ಸೋರುವ ಮಾಳಿಗೆಯನ್ನು ದುರಸ್ತಿ ಮಾಡಿಸುವುದು, ನೀರು ದೀಪಗಳ ವ್ಯವಸ್ಥೆ ನೋಡುವುದು, ಬಾಡಿಗೆದಾರರ ದೂರು ಕೇಳುವುದು, ಪಟ್ಟಿ ತುಂಬುವುದು, ಇವು ಪ್ರಾಪರ್ಟಿ ಮ್ಯಾನೇಜರನ ಪಾಲು. ಈ ಕಟ್ಟಡವನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ, ಕರಾರು ಎಷ್ಟು ವರ್ಷಕ್ಕೆ ಇರಬೇಕು, ಸಾಲ ತೆಗೆಯುವುದು ಹಿತವೋ ಅಹಿತವೋ, ಹತ್ತು ವರ್ಷದ ಮೇಲೆ ಇದರ ಬೆಲೆ ಏನಾದೀತು ಎಂದು ವಿಚಾರ ಮಾಡುವುದು ಅಸೆಟ್ ಮ್ಯಾನೇಜರನ ಪಾಲು. ಮೊದಲನೆಯವನು ಕ್ಷೇಮದವನು, ಎರಡನೆಯವನು ಯೋಗದವನು.

ಹೆಸರುಗಳು ಹೊಸವಾದರೂ ಸಂಗತಿ ನಮ್ಮ ಸೀಮೆಗೆ ಹೊಸದಲ್ಲ. ಹುಕ್ಕೇರಿ ತಾಲೂಕಿನ ನಿಡಸೋಸಿ ಶ್ರೀ ದುರದುಂಡೀಶ್ವರ ಮಠದ ಊರು. ಸುತ್ತಲಿನ ಬೆಳಗಾವಿ ಜಿಲ್ಲೆಯೆಲ್ಲ ಮಠ, ಗುಡಿ, ದೇಸಗತಿಗಳ ನಾಡು. ದೇಸಾಯರ ವಾಡೆಗಳಲ್ಲಿ ಕಾರಭಾರಿ ಇರುತ್ತಿದ್ದ. ಲಾವಣಿ ವಸೂಲು ಮಾಡಿ ರೋಜಕೀರ್ದಿ ಬರೆಯುವುದು ಅವನ ಕೆಲಸ. ಹೊಲ ಕೊಳ್ಳುವ, ಒತ್ತೆ ಇಡುವ, ದಾನ ಕೊಡುವ ಮಾತು ಬಂದಾಗ ಮಾತ್ರ ಒಡೆಯನ ಅಪ್ಪಣೆ ಬೇಕು. ಕಾರಭಾರಿಯೇ ಒಡೆಯನಾದಲ್ಲಿ ವಾಡೆ ಬರಿದಾಯಿತು. ಒಡೆಯನು ಲೆಕ್ಕವನ್ನೇ ಕೇಳದಿದ್ದಲ್ಲಿಯೂ ವಾಡೆ ಬರಿದಾಯಿತು.

ಕಾಯಿದೆಯೂ ಈ ಭೇದವನ್ನು ಚೆನ್ನಾಗಿ ಬಲ್ಲದು. 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯಿದೆ ಆಗ ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆಗೂ ಅನ್ವಯಿಸುತ್ತಿತ್ತು. ಅದರ ಪ್ರಕಾರ ನ್ಯಾಸದ ಸ್ಥಿರಾಸ್ತಿಯನ್ನು ಮಾರಲು, ಒತ್ತೆ ಇಡಲು, ಅದಲುಬದಲು ಮಾಡಲು ಚ್ಯಾರಿಟಿ ಕಮಿಶನರರ ಪೂರ್ವಾನುಮತಿ ಬೇಕು. ಸಾಗುವಳಿ ಜಮೀನನ್ನು 10 ವರ್ಷಕ್ಕೆ ಮೀರಿ, ಕಟ್ಟಡವನ್ನು 3 ವರ್ಷಕ್ಕೆ ಮೀರಿ ಲಾವಣಿಗೆ ಕೊಡಲಿಕ್ಕೂ ಅನುಮತಿ ಬೇಕು. ಅದಕ್ಕಿಂತ ಕಡಿಮೆ ಅವಧಿಯದಾದರೆ ವಹಿವಾಟು ನೋಡುವವರೇ ಮಾಡಬಹುದು. ದಿನದ ಕೆಲಸಕ್ಕೆ ಒಂದು ಕೈ, ದೀರ್ಘಕಾಲದ ಕೆಲಸಕ್ಕೆ ಅದರ ಮೇಲೆ ಇನ್ನೊಂದು ಕಣ್ಣು. ಇದರ ತಿರುಳು ಇಷ್ಟೇ.

ಇಂಥ ವಿವೇಕದಿಂದ ಆಗುವ ಲಾಭಕ್ಕೆ ನಮ್ಮ ಜಿಲ್ಲೆಯ ಶಿರಸಂಗಿಯೇ ಸಾಕ್ಷಿ. 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಹೊಲಗಳನ್ನು ಮಾರಿ ಹಣ ಹಂಚಿದ್ದರೆ ಅದು ಒಂದು ತಲೆಮಾರಿಗೆ ಮುಗಿಯುತ್ತಿತ್ತು. ಟ್ರಸ್ಟಿನ ಕೈಗೆ ಬಂದ ಆ ಆಸ್ತಿಯ ಉತ್ಪನ್ನದಿಂದ ವಿದ್ಯಾರ್ಥಿವೇತನ ಪಡೆದು ಓದಿದವರು ಈ ಭಾಗದಲ್ಲಿ ಅನೇಕರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಮೂಲಧನ ಉಳಿಯಬೇಕು, ಫಲ ಬಡವರ ಮಕ್ಕಳಿಗೆ ಮುಟ್ಟಬೇಕು ಎಂದರೆ ಕಾಯುವವನೂ ಬೇಕು, ಮುಂದಿನದನ್ನು ಕಾಣುವವನೂ ಬೇಕು.

ಈಗಿನ ಸಂತೆಯೂ ಇದೇ ಪಾಠ ಕಲಿತಿದೆ. ಅನೇಕರ ಹಣ ಕೂಡಿಸಿ ದೊಡ್ಡ ಕಟ್ಟಡಗಳನ್ನು ಕೊಂಡು ಬಾಡಿಗೆಯನ್ನು ಹಂಚುವ ‘ರೀಟ್’ ಎಂಬ ಸಂಸ್ಥೆಗಳಿಗೆ ಸೆಬಿಯು 2014ರಲ್ಲಿ ನಿಯಮ ಮಾಡಿತು. 2019ರಲ್ಲಿ ದೇಶದ ಮೊದಲನೆಯ ರೀಟ್ ಷೇರುಪೇಟೆಗೆ ಬಂದಿತು, ಅದು ಬೆಂಗಳೂರಿನದು. ಅಲ್ಲಿ ಆಸ್ತಿಯನ್ನು ನ್ಯಾಸವಾಗಿ ಹಿಡಿಯುವ ಟ್ರಸ್ಟಿ ಬೇರೆ, ಅದನ್ನು ನಿರ್ವಹಿಸುವ ಮ್ಯಾನೇಜರ್ ಬೇರೆ. ಒಬ್ಬರ ಮೇಲೆ ಒಬ್ಬರ ನಿಗಾ ಇರಲೆಂದೇ ಈ ಏರ್ಪಾಡು.

ದೊಡ್ಡವರ ಮಾತು ನಮಗೇಕೆ ಎನ್ನಬೇಡಿರಿ. ನಿಮ್ಮ ಓಣಿಯನ್ನೇ ನೋಡಿರಿ. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ನೆಲೆಸಿದ್ದಾರೆ. ಊರಲ್ಲಿ ಹಿರಿಯರ ಮನೆ, ಮುಂದೆ ಎರಡು ಅಂಗಡಿ, ನಾಲ್ಕು ಎಕರೆ ಕಬ್ಬಿನ ಹೊಲ. ನೋಡಿಕೊಳ್ಳುವವನು ಚಿಕ್ಕಪ್ಪನ ಮಗ. ಬಾಡಿಗೆ ಎತ್ತುತ್ತಾನೆ, ಪಟ್ಟಿ ತುಂಬುತ್ತಾನೆ, ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುತ್ತಾನೆ. ಅವನಿಗೆ ಸಂಬಳವಿಲ್ಲ, ಬರೆದುಕೊಟ್ಟ ಅಧಿಕಾರವಿಲ್ಲ. ಅಂಗಡಿಯ ಬಾಡಿಗೆ ಹನ್ನೆರಡು ವರ್ಷದಿಂದ ಏರಿಲ್ಲ. ಉತಾರದಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇದೆ. ಹಬ್ಬಕ್ಕೆ ಬಂದ ಅಣ್ಣತಮ್ಮಂದಿರು ಒಂದು ದಿನ, “ಇಷ್ಟು ವರ್ಷದ ದುಡ್ಡು ಎಲ್ಲಿ ಹೋಯಿತೋ?” ಎಂದು ಕೇಳಿಬಿಡುತ್ತಾರೆ. ಕ್ಷೇಮದ ಕೆಲಸ ಮಾಡಿದವನ ಮೇಲೆ ಯೋಗದ ಕೆಲಸ ಮಾಡಲಿಲ್ಲವೆಂಬ ಅಪವಾದ! ಆ ಕೆಲಸವನ್ನು ಅವನಿಗೆ ಯಾರೂ ಒಪ್ಪಿಸಿರಲೇ ಇಲ್ಲ. ಅಂದಿನಿಂದ ಒಂದೇ ಗೋಡೆಯ ಎರಡು ಮನೆಗಳಲ್ಲಿ ಮಾತು ನಿಲ್ಲುತ್ತದೆ. ಹೋದ ಬಾಡಿಗೆಯನ್ನು ತುಂಬಿಕೊಳ್ಳಬಹುದು, ಮುರಿದ ಬಾಂಧವ್ಯವನ್ನು ತುಂಬಿಕೊಳ್ಳುವುದು ಕಷ್ಟ.

‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆಯುಂಟು. ಊರಲ್ಲೇ ಇದ್ದ ಒಕ್ಕಲಿಗನಿಗೆ ಅದು ಒಪ್ಪುವ ಮಾತು. ಊರು ಬಿಟ್ಟವನಿಗೆ ತಾನೇ ಮಾಡುವ ದಾರಿ ಇಲ್ಲ. ಅವನು ಮಾಡಬೇಕಾದದ್ದು ಬೇರೆ.

ಮೊದಲನೆಯದಾಗಿ, ಅಧಿಕಾರವನ್ನು ಬರೆದು ಕೊಡಿರಿ. ಯಾವ ಕೆಲಸ ಅವನೇ ಮಾಡಬಹುದು, ಎಷ್ಟು ಖರ್ಚಿಗೆ ಮೀರಿದರೆ ನಿಮ್ಮನ್ನು ಕೇಳಬೇಕು ಎಂಬುದು ಕಾಗದದಲ್ಲಿರಲಿ. ಮುಖತ್ಯಾರಪತ್ರ ಕೊಟ್ಟಿದ್ದರೆ ಒಂದು ಮಾತು ನೆನಪಿರಲಿ: ಸಾಮಾನ್ಯವಾಗಿ ಬರೆದುಕೊಟ್ಟವರು ತೀರಿಕೊಂಡರೆ ಅದರ ಬಲವೂ ತೀರಿತು. ಬರಿಯ ಮುಖತ್ಯಾರಪತ್ರದ ಮೇಲೆ ನಡೆದ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ.

ಎರಡನೆಯದಾಗಿ, ಲೆಕ್ಕ ಕೇಳಿರಿ, ಲೆಕ್ಕ ಕೊಡಿರಿ. ಕೇಳಿದಾಗ ಲೆಕ್ಕ ಕೊಡುವುದು ಪ್ರತಿನಿಧಿಯ ಕರ್ತವ್ಯವೆಂದು 1872ರ ಕರಾರು ಕಾಯಿದೆಯೇ ಹೇಳುತ್ತದೆ. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ. ತಿಂಗಳಿಗೊಮ್ಮೆ ಬರೆದ ಒಂದು ಹಾಳೆ ನೋಡಿಕೊಳ್ಳುವವನಿಗೇ ರಕ್ಷೆ.

ಮೂರನೆಯದಾಗಿ, ಅವನ ಶ್ರಮಕ್ಕೆ ಬೆಲೆ ಕೊಡಿರಿ. ಪುಕ್ಕಟೆ ಕೆಲಸಕ್ಕೆ ಮೇರೆಯೂ ಇಲ್ಲ, ಹೊಣೆಯೂ ಇಲ್ಲ.

ನಾಲ್ಕನೆಯದಾಗಿ, ಯೋಗದ ವಿಚಾರವನ್ನು ನೀವೇ ವಹಿಸಿಕೊಳ್ಳಿರಿ. ವರ್ಷಕ್ಕೊಮ್ಮೆ ಪಾಲುದಾರರೆಲ್ಲ ಕೂಡಿ ಕುಳಿತು, ವಾರಸಾ ಆಗಿದೆಯೇ, ಬಾಡಿಗೆ ಕಾಲಕ್ಕೆ ತಕ್ಕದ್ದೇ, ಕಾಯಿದೆ ಏನಾದರೂ ಬದಲಾಗಿದೆಯೇ ಎಂದು ನೋಡಿರಿ. ಕರ್ನಾಟಕದಲ್ಲಿ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಉಳುವವರು ಅರ್ಜಿ ಕೊಟ್ಟು ಭೂಮಿಯ ಹಕ್ಕು ಪಡೆದರು. ಉಳುವವನಿಗೆ ಅದು ನ್ಯಾಯವೇ ಆಯಿತು. ಆದರೆ ದೂರದ ಊರಿನಲ್ಲಿ ಕುಳಿತು ವರ್ಷದ ಗೇಣಿಯನ್ನಷ್ಟೇ ಎಣಿಸುತ್ತಿದ್ದವರಿಗೆ ಕಾಲ ಬದಲಾದದ್ದು ತಿಳಿದದ್ದು ತಡವಾಗಿ.

ಬರುವ ದೀಪಾವಳಿಗೆ ಊರಿಗೆ ಹೋದಾಗ ಮನೆ ನೋಡಿಕೊಳ್ಳುವ ಆ ತಮ್ಮನನ್ನು ಹತ್ತಿರ ಕೂಡಿಸಿಕೊಂಡು ಈ ನಾಲ್ಕು ಮಾತು ಆಡಿರಿ. ಅವನ ಮನಸ್ಸೂ ಹಗುರಾದೀತು, ನಿಮ್ಮದೂ ಹಗುರಾದೀತು.