ಕಡಲ್ಕೊರೆತ ಮತ್ತು ನಮ್ಮ ತೀರ



ಮಳೆಗಾಲದ ಅಲೆಗಳು ತೀರದ ಮರಳನ್ನು ಸೆಳೆದೊಯ್ಯುತ್ತವೆ. ಮಳೆ ಕಳೆದ ಮೇಲೆ ಶಾಂತವಾದ ಅಲೆಗಳು ಅದನ್ನು ಹಿಂದಿರುಗಿಸುತ್ತವೆ. ಹೊಳೆಗಳ ಮರಳನ್ನು ಅಗೆದು ತೆಗೆದರೆ ಕಡಲಿಗೆ ಸೇರಬೇಕಾದ ಪಾಲು ಕುಗ್ಗುತ್ತದೆ. ಬಂದರಿನ ಅಲೆತಡೆಗಳು ತೀರದುದ್ದಕ್ಕೆ ಸಾಗುವ ಮರಳನ್ನು ಒಂದು ಬದಿಯಲ್ಲಿ ಹಿಡಿದಿಟ್ಟು ಇನ್ನೊಂದು ಬದಿಯನ್ನು ಬರಿದಾಗಿಸುತ್ತವೆ.

ಉಪ್ಪಳದ ಮುಸೋಡಿಯಲ್ಲಿ ಕೊರೆತ ಕಂಡಾಗಲೆಲ್ಲ ಕೇಳಿಬರುವ ಬೇಡಿಕೆ ಕಗ್ಗಲ್ಲಿನ ತಡೆಗೋಡೆ. ಅಲೆ ಅಂಗಳಕ್ಕೆ ಬಂದವರೆದುರು ಅದು ಬೇಡವೆನ್ನಲು ನಮಗೆ ಬಾಯಿಲ್ಲ. ಆದರೆ ಗೋಡೆಗೆ ಬಡಿದು ಹಿಮ್ಮೆಟ್ಟುವ ಅಲೆ ಅದರ ಬುಡದ ಮರಳನ್ನೇ ಕೊರೆಯುತ್ತದೆ, ಕಲ್ಲುಗಳು ಕುಸಿಯುತ್ತವೆ; ಗೋಡೆ ಮುಗಿದಲ್ಲಿ, ಅಂದರೆ ನೆರೆಯವರ ಹಿತ್ತಿಲಲ್ಲಿ, ಕೊರೆತ ಬಲಿಯುತ್ತದೆ. ಚೆಲ್ಲಾನಂನಲ್ಲಿ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್‌ಗಳು ಅಲೆಯ ಬಲವನ್ನು ಮುರಿಯುತ್ತಿವೆ. ನೆರೆಯ ಉಳ್ಳಾಲದಲ್ಲಿ ಕಡಲೊಳಗೇ ತಡೆದಂಡೆ ಕಟ್ಟಿದ್ದಾರೆ. ಇನ್ನೂ ಗೋಡೆ ಕಾಣದ ತೀರದಲ್ಲಿ ಮರಳುದಿಬ್ಬವನ್ನೂ ಅದನ್ನು ಹಿಡಿದಿಡುವ ಬಳ್ಳಿಗಳನ್ನೂ ಉಳಿಸುವುದೇ ಮೇಲೆಂದು ನಮ್ಮ ಅಭಿಪ್ರಾಯ.

ಕೇರಳ ಸರಕಾರದ ಪುನರ್ಗೇಹಂ ಯೋಜನೆ ಉಬ್ಬರರೇಖೆಯಿಂದ 50 ಮೀಟರಿನೊಳಗಿರುವ ಕುಟುಂಬಗಳಿಗೆ ಬೇರೆಡೆ ನೆಲೆಸಲು 10 ಲಕ್ಷ ರೂಪಾಯಿ ನೀಡುತ್ತದೆ. ನ್ಯಾಯವೇ. ಹೊಸ ನೆಲೆಯ ಹತ್ತಿರ ಕನ್ನಡ ಶಾಲೆಯಿದೆಯೇ ಎಂಬುದು ಮಾತ್ರ ಆ ಲೆಕ್ಕದಲ್ಲಿ ಸೇರಿಲ್ಲ. ಆದುದರಿಂದ ಪೋಷಕರು ಸ್ಥಳ ನಿಶ್ಚಯಿಸುವ ಮುನ್ನ ದಯವಿಟ್ಟು ಶಾಲೆಗೆ ತಿಳಿಸಿರಿ. ಮಕ್ಕಳ ವಾಹನದ ವಿಚಾರವನ್ನು ರಕ್ಷಕ-ಶಿಕ್ಷಕ ಸಂಘದ ಮುಂದಿಡುತ್ತೇವೆ.